ನಾಲ್ಕು ಚಕ್ರಕ್ಕೂ ಎಳೆತ ಕೊಡುವ ಮೊದಲು ಅಂಗಳದಲ್ಲಿ ಎಣಿಸಿ ನೋಡಿ

ಮಾನ್ಯ ಸಂಪಾದಕರೇ,

ಮುಂದಿನ ಎರಡು ಚಕ್ರಗಳಿಗೆ ಮಾತ್ರ ಎಂಜಿನಿನ ಎಳೆತವಿರುವ ಸಾಮಾನ್ಯ ಕಾರನ್ನು ಮನೆಯ ಶೆಡ್ಡಿನಲ್ಲಿಯೇ ಬಿಚ್ಚಿ, ಹಿಂದಿನ ಚಕ್ರಗಳಿಗೂ ಎಳೆತ ಸಿಗುವಂತೆ ಮಾರ್ಪಡಿಸಬೇಕೆಂಬ ಆಸೆ ಕಾಸರಗೋಡಿನ ಗುಡ್ಡದ ಊರುಗಳ ಹುಡುಗರಲ್ಲಿ ಬಹಳ ಬಲವಾಗಿದೆ. ನಾನೂ ನನ್ನ ಅಕ್ಕನ ಮಗನೂ ಸೇರಿ ಇಂಥದೊಂದು ಕಾರನ್ನು ಮಾಡಿದ್ದೇವೆಂಬ ಸುದ್ದಿ ಮುಳ್ಳೇರಿಯ, ಬೆಳ್ಳೂರು, ಆದೂರು ಕಡೆಗಳಲ್ಲಿ ಹರಡಿರುವುದರಿಂದ ಕಳೆದ ಮಳೆಗಾಲದಿಂದೀಚೆಗೆ ಮೂವರು ಹುಡುಗರು ಮನೆಗೇ ಬಂದು ವಿಚಾರಿಸಿದರು. ಮೂವರ ಕೈಯಲ್ಲಿಯೂ ಮೊಬೈಲಿನ ವಿಡಿಯೊಗಳಿದ್ದವು, ಮೂವರಿಗೂ ವೆಲ್ಡಿಂಗ್ ಮಾಡಲು ಗೊತ್ತಿತ್ತು, ಆದರೆ ಹಿಂದಿನ ಆಕ್ಸೆಲಿನ, ಅಂದರೆ ಹಿಂದಿನ ಎರಡು ಚಕ್ರಗಳನ್ನು ತಿರುಗಿಸುವ ಅಚ್ಚಿನ, ಗಿಯರ್ ಹಲ್ಲುಗಳ ಲೆಕ್ಕವೇನೆಂದು ಕೇಳಿದಾಗ ಮೂವರಲ್ಲಿ ಒಬ್ಬರಿಗೂ ಉತ್ತರ ಹೊಳೆಯಲಿಲ್ಲ. ಅದೇ ಲೆಕ್ಕ ನಮಗೂ ಮೊದಲಿಗೆ ಹೊಳೆದಿರಲಿಲ್ಲವಾದ್ದರಿಂದ ಮತ್ತು ಅದರಿಂದಾಗಿ ನನ್ನ ಸೋದರಳಿಯನ ಕಾಲು ಹೋಗುವ ಸಂದರ್ಭ ಬಂದು ಕೂದಲೆಳೆಯಲ್ಲಿ ತಪ್ಪಿದ್ದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೂ ಪೂರ್ತಿಯಾಗಿ ಪ್ರಕಟಿಸಬೇಕೆಂದು ವಿನಂತಿ.

ಈ ಆಸೆಗೆ ಕಾರಣವಾದ ಕಷ್ಟ ನಿಜವಾದದ್ದು ಎಂಬುದನ್ನು ಮೊದಲು ಹೇಳಬೇಕು. ನಮ್ಮಲ್ಲಿ ತೋಟವಿರುವುದು ಕೆಳಗೆ ಬೈಲಿನಲ್ಲಿ, ಡಾಮರು ರಸ್ತೆಯಿರುವುದು ಮೇಲೆ ಗುಡ್ಡದಲ್ಲಿ; ನಡುವೆ ಮುರಕಲ್ಲನ್ನು ಕಡಿದು ಮಾಡಿದ ಕಡಿದಾದ ದಾರಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ನೆಲದಲ್ಲಿ ಆಟಿ ತಿಂಗಳು (ಜುಲೈ–ಆಗಸ್ಟ್) ಬರುವಷ್ಟರಲ್ಲಿ ಆ ದಾರಿಯ ಮೇಲೆ ಪಾಚಿ ಕಟ್ಟಿ, ಬರಿಗಾಲಿನಲ್ಲಿ ನಡೆಯುವವನೂ ಹೆಬ್ಬೆರಳೂರಿ ಹತ್ತಬೇಕಾಗುತ್ತದೆ. ಹತ್ತುವಾಗ ಕಾರಿನ ಭಾರವೆಲ್ಲ ಹಿಂದಕ್ಕೆ ವಾಲುವುದರಿಂದ, ಎಳೆಯಬೇಕಾದ ಮುಂದಿನ ಚಕ್ರಗಳು ಹಗುರವಾಗಿ ಸುಮ್ಮನೆ ತಿರುಗತೊಡಗುತ್ತವೆ. ಹಿರಿಯ ಚಾಲಕರು ಇಂಥ ಕಾರನ್ನು ರಿವರ್ಸಿನಲ್ಲಿ ಹತ್ತಿಸುವುದನ್ನು ನೀವು ಕಂಡಿರಬಹುದು. ಆಗ ಎಳೆಯುವ ಚಕ್ರಗಳು ಇಳಿಜಾರಿನ ಕೆಳಬದಿಗೆ ಬಂದು, ಭಾರ ಅವುಗಳ ಮೇಲೆ ಕೂರುವುದರಿಂದ ಹಿಡಿತ ಸಿಗುತ್ತದೆ. ನಮ್ಮ ತಂದೆಯವರು ಹನ್ನೆರಡು ವರ್ಷ ಕಾಲ ಮಳೆಗಾಲವಿಡೀ ಹಾಗೆಯೇ ಕತ್ತು ತಿರುಗಿಸಿಕೊಂಡು ಗುಡ್ಡ ಹತ್ತಿದರು.

ನಾಲ್ಕೂ ಚಕ್ರಗಳಿಗೆ ಎಳೆತವಿರುವ ಕಾರುಗಳು ಹೊಸತೇನಲ್ಲ. ಆಡಿ ಕಂಪನಿಯ ಕ್ವಾಟ್ರೊ 1980ರಲ್ಲಿ ಬಂತು. 1983ರಲ್ಲಿ ಫಿಯಟ್ ಕಂಪನಿಯು ಎಂಜಿನ್ ಅಡ್ಡಲಾಗಿ ಕೂರುವ ತನ್ನ ಪುಟ್ಟ ಪಾಂಡಾ ಕಾರನ್ನೇ ನಾಲ್ಕು ಚಕ್ರ ಎಳೆತದ ಕಾರನ್ನಾಗಿ ಮಾಡಿ ಮಾರಿತು. ಜಪಾನಿನಲ್ಲಿ ನಮ್ಮ ಮಾರುತಿ 800ರ ಅಳತೆಯ ಸಣ್ಣ ಕಾರುಗಳಿಗೂ ಈ ವ್ಯವಸ್ಥೆ ಇತ್ತು. ಭಾರತದಲ್ಲಿ 2014ರಲ್ಲಿ ರೆನೊ ಡಸ್ಟರ್ ಎರಡೂ ಬಗೆಗಳಲ್ಲಿ ಸಿಗತೊಡಗಿದಾಗ ಹುಡುಗರಲ್ಲಿ ಒಂದು ತಪ್ಪು ಕಲ್ಪನೆ ಬೆಳೆಯಿತೆಂದು ನನಗನಿಸುತ್ತದೆ. ಹೊರಗಿನಿಂದ ನೋಡಲು ಎರಡೂ ಒಂದೇ ಆದ್ದರಿಂದ, ಒಂದರ ಭಾಗಗಳನ್ನು ಬಿಚ್ಚಿ ಇನ್ನೊಂದಕ್ಕೆ ಬೋಲ್ಟ್ ಬಿಗಿದರೆ ಕೆಲಸ ಮುಗಿಯಿತೆಂದು ಅವರು ತಿಳಿದರು. ನಿಜವಾಗಿ ಆ ಎರಡು ಬಗೆಗಳ ಅಡಿಭಾಗವೇ ಬೇರೆ. ಮುಂಚಕ್ರ ಎಳೆತದ ಡಸ್ಟರಿನಲ್ಲಿ ಹಿಂದಿನ ಎರಡು ಚಕ್ರಗಳನ್ನು ಒಂದೇ ಅಡ್ಡತೊಲೆ ಹಿಡಿದಿಟ್ಟಿದ್ದರೆ, ನಾಲ್ಕು ಚಕ್ರ ಎಳೆತದ ಡಸ್ಟರಿನಲ್ಲಿ ಪ್ರತಿ ಚಕ್ರಕ್ಕೂ ಪ್ರತ್ಯೇಕ ತೋಳುಗಳಿವೆ, ಏಕೆಂದರೆ ಅವುಗಳ ನಡುವೆ ಎಳೆತವನ್ನು ಎರಡೂ ಚಕ್ರಗಳಿಗೆ ಹಂಚುವ ಗಿಯರುಗಳ ಪೆಟ್ಟಿಗೆಯಾದ ಡಿಫರೆನ್ಶಿಯಲ್ ಕೂರಬೇಕು. ಗಿಯರ್ ಬಾಕ್ಸ್ ಬೇರೆ. ಯಾವಾಗ ಎಷ್ಟು ಎಳೆತವನ್ನು ಹಿಂದಕ್ಕೆ ಕಳುಹಿಸಬೇಕೆಂದು ನಿರ್ಧರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೂ ಅದಕ್ಕೆ ಚಕ್ರಗಳ ವೇಗ ತಿಳಿಸುವ ಸೆನ್ಸರುಗಳ ಮಾತುಕತೆಯೂ ಬೇರೆ. ಆದರೂ ಈ ಕೆಲಸಕ್ಕೆ ಕೈಹಾಕಲೇಬೇಕೆನ್ನುವವರಿಗೆ ಇದಕ್ಕಿಂತ ಸುಲಭವಾದ ದಾರಿಯಿಲ್ಲ. ಕಂಪನಿಯೇ ಎರಡೂ ಬಗೆಯಲ್ಲಿ ಮಾಡಿದ ಕಾರನ್ನು ಆರಿಸಿಕೊಂಡರೆ ಕನಿಷ್ಠ ಲೆಕ್ಕಾಚಾರವನ್ನು ಯಾರೋ ಮೊದಲೇ ಮಾಡಿಟ್ಟಿರುತ್ತಾರೆ.

ನಾವು ಆರಿಸಿಕೊಂಡದ್ದು ಕಷ್ಟದ ದಾರಿಯನ್ನು. ನಮ್ಮ ಮನೆಯಲ್ಲಿದ್ದದ್ದು ತಂದೆಯವರ ಮಾರುತಿ 800. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಸೋದರಳಿಯ, ಹಳೆಯ ವಾಹನದ ಭಾಗಗಳನ್ನು ಮಾರುವ ಒಬ್ಬ ವ್ಯಾಪಾರಿಯಲ್ಲಿ ಜಪಾನಿನಿಂದ ಬಂದ ಸಣ್ಣ ಕಾರೊಂದರ ಗಿಯರ್ ಬಾಕ್ಸನ್ನು ಕಂಡು ಬಂದ. ಅದರ ಬದಿಯಲ್ಲಿ ಎಳೆತವನ್ನು ಹಿಂದಕ್ಕೆ ಕಳುಹಿಸುವ ಓರೆಹಲ್ಲಿನ ಗಿಯರುಗಳ ಪೆಟ್ಟಿಗೆಯೊಂದು ಕಂಪನಿಯಿಂದಲೇ ಜೋಡಿಸಲ್ಪಟ್ಟಿತ್ತು. ಜೊತೆಗೆ ವಿಸ್ಕಸ್ ಕಪ್ಲಿಂಗ್ ಕೂಡ ಇತ್ತು. ಹಿಂದಕ್ಕೆ ಒಂದು ಸಣ್ಣ ವ್ಯಾನಿನ ಆಕ್ಸೆಲ್ ಸಿಕ್ಕಿತು. ಎರಡರ ಲೆಕ್ಕವೂ ಒಂದೇ, ಕಣ್ಣು ಮುಚ್ಚಿ ಜೋಡಿಸಬಹುದು ಎಂದು ಆ ವ್ಯಾಪಾರಿ ಭರವಸೆ ಕೊಟ್ಟ. ನಾವು ಆ ಮಾತನ್ನು ನಂಬಿ, ಅಳೆಯದೆ, ಎಣಿಸದೆ ಹಣ ಕೊಟ್ಟು ತಂದೆವು.

ವಿಸ್ಕಸ್ ಕಪ್ಲಿಂಗ್ ಎಂದರೇನೆಂದು ಇಲ್ಲಿ ವಿವರಿಸುವುದು ಅಗತ್ಯ. ಕಾರು ತಿರುವಿನಲ್ಲಿ ಹೋಗುವಾಗ ಮುಂದಿನ ಚಕ್ರಗಳು ದೊಡ್ಡ ಸುತ್ತಿನಲ್ಲಿಯೂ ಹಿಂದಿನವು ಸಣ್ಣ ಸುತ್ತಿನಲ್ಲಿಯೂ ಸಾಗುತ್ತವೆ. ಎತ್ತಿನ ಗಾಡಿಯ ನೊಗ ತಿರುಗಿದಾಗ ಹಿಂದಿನ ಗಾಲಿ ಒಳಗಿನಿಂದ ಕತ್ತರಿಸಿ ಬರುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಆದ್ದರಿಂದ ಮುಂದಿನ ಮತ್ತು ಹಿಂದಿನ ಆಕ್ಸೆಲುಗಳನ್ನು ಕಬ್ಬಿಣದ ಒಂದೇ ದಂಡದಿಂದ ಗಟ್ಟಿಯಾಗಿ ಕಟ್ಟಿದರೆ ಡಾಮರಿನ ಮೇಲೆ ಅವು ಒಂದನ್ನೊಂದು ಎಳೆದಾಡುತ್ತವೆ. ಕೆಸರಿನಲ್ಲಿ ಟಯರು ಜಾರಿ ಆ ಬಿಗಿತ ಸಡಿಲಗೊಳ್ಳುತ್ತದೆ, ಡಾಮರಿನಲ್ಲಿ ಅದು ಸಾಧ್ಯವಿಲ್ಲ. ನಡುವೆ ವಿಸ್ಕಸ್ ಕಪ್ಲಿಂಗ್ ಇದ್ದರೆ ಈ ತೊಂದರೆ ತಪ್ಪುತ್ತದೆ. ಅದೊಂದು ಮುಚ್ಚಿದ ಡಬ್ಬಿ. ಒಳಗೆ ತೆಳುವಾದ ಉಕ್ಕಿನ ಬಿಲ್ಲೆಗಳು ಒಂದು ಬಿಟ್ಟು ಒಂದರಂತೆ ಮುಂದಿನ ದಂಡಕ್ಕೂ ಹಿಂದಿನ ದಂಡಕ್ಕೂ ಸೇರಿಕೊಂಡು, ದಪ್ಪನೆಯ ಸಿಲಿಕೋನ್ ದ್ರವದಲ್ಲಿ ಮುಳುಗಿರುತ್ತವೆ. ಸಣ್ಣ ವ್ಯತ್ಯಾಸವನ್ನು ಆ ದ್ರವ ಸಹಿಸಿಕೊಳ್ಳುತ್ತದೆ. ಮುಂದಿನ ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿ ವ್ಯತ್ಯಾಸ ಹೆಚ್ಚಾದಾಗ ದ್ರವವು ಬಿಸಿಯಾಗಿ ಹಿಗ್ಗಿ, ಬಿಲ್ಲೆಗಳು ಒಂದಕ್ಕೊಂದು ಕಚ್ಚಿಕೊಂಡಂತಾಗಿ ಹಿಂದಿನ ಚಕ್ರಗಳಿಗೆ ಎಳೆತ ಹೋಗುತ್ತದೆ. ಈ ಕೊನೆಯ ಗುಣವೇ ಮುಂದೆ ನಮಗೆ ಮುಳುವಾಯಿತು.

ಕೆಲಸ ಆರಂಭವಾದದ್ದು ನವರಾತ್ರಿ ಕಳೆದ ಮೇಲೆ. ಎಳೆತವನ್ನು ಗಿಯರ್ ಬಾಕ್ಸಿನಿಂದ ಹಿಂದಿನ ಆಕ್ಸೆಲಿಗೆ ಒಯ್ಯುವ ಉದ್ದನೆಯ ದಂಡವಾದ ಪ್ರೊಪೆಲ್ಲರ್ ಶಾಫ್ಟ್ ಹಾಯಲು ಕಾರಿನ ನೆಲದ ತಗಡನ್ನು ಉದ್ದಕ್ಕೆ ಕತ್ತರಿಸಿ, ಮೇಲೆ ಗೂಡಿನಂತೆ ಕಟ್ಟಬೇಕಿತ್ತು. ಪೆಟ್ರೋಲ್ ಟ್ಯಾಂಕನ್ನು ಸ್ಥಳಾಂತರಿಸಬೇಕಿತ್ತು. ಸೈಲೆನ್ಸರಿನ ಕೊಳವೆಯನ್ನು ಬೇರೆ ದಾರಿಯಲ್ಲಿ ಒಯ್ಯಬೇಕಿತ್ತು. ಇಂದಿನ ಕಾರುಗಳಿಗೆ ಲಾರಿ, ಜೀಪುಗಳಂತೆ ಪ್ರತ್ಯೇಕವಾದ ಚಾಸಿ ಇರುವುದಿಲ್ಲ, ನೆಲ, ಬದಿ, ಮಾಡು ಎಲ್ಲವೂ ಸೇರಿಯೇ ಒಂದು ಪೆಟ್ಟಿಗೆಯಂತೆ ಭಾರ ಹೊರುತ್ತವೆ ಎಂಬುದನ್ನು ಸೋದರಳಿಯ ಪುಸ್ತಕದಲ್ಲಿ ಓದಿದ್ದ. ಓದಿದ್ದರೂ ಕತ್ತರಿಸುವ ದಿನದ ಉತ್ಸಾಹದಲ್ಲಿ ಬಾಗಿಲಿನ ಚೌಕಟ್ಟುಗಳಿಗೆ ಅಡ್ಡಪೈಪು ಕೊಟ್ಟು ಬಿಗಿಯುವುದನ್ನು ಮರೆತೆವು. ಸಂಜೆಗೆ ಮುಂದಿನ ಎಡಬಾಗಿಲನ್ನು ಹಾಕಲು ಹೋದರೆ ಅದು ಕೂರಲಿಲ್ಲ. ಮೇಲಿನ ಮೂಲೆಯಲ್ಲಿ ಒಂದು ಬೆರಳು ತೂರುವಷ್ಟು ಸಂದು ಬಿದ್ದಿತ್ತು, ಕೆಳಗಿನ ಮೂಲೆ ತಗಡಿಗೆ ತಾಗುತ್ತಿತ್ತು. ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಂತಿದ್ದ ಕಾರು ತನ್ನದೇ ಭಾರಕ್ಕೆ ನಡುವಿನಲ್ಲಿ ಜಗ್ಗಿತ್ತು. ಅದನ್ನು ಜಾಕಿಯಿಂದ ಒಂದೊಂದೇ ಕೂದಲೆಳೆಯಷ್ಟು ಎತ್ತಿ, ಬಾಗಿಲಿನ ಸಂದನ್ನು ಅಳೆಯುತ್ತ, ಮೊದಲಿನ ಸ್ಥಿತಿಗೆ ತಂದು ಪೈಪು ಬಿಗಿಯಲು ಹನ್ನೊಂದು ದಿನ ಹಿಡಿಯಿತು. ಈ ಕೆಲಸಕ್ಕೆ ಇಳಿಯುವವರು ಕತ್ತರಿಸುವ ಯಂತ್ರವನ್ನು ಕೈಗೆತ್ತಿಕೊಳ್ಳುವ ಮೊದಲು ಬಾಗಿಲಿನ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ ಪೈಪು ವೆಲ್ಡ್ ಮಾಡಲೇಬೇಕು ಎಂದು ಕೈಮುಗಿದು ಹೇಳುತ್ತೇನೆ.

ಜೂನ್ ಮೊದಲ ವಾರದಲ್ಲಿ ಕಾರು ಓಡಿತು. ಮಳೆ ಹಿಡಿದು ಮೂರನೆಯ ದಿನ, ತಂದೆಯವರು ಅಷ್ಟು ವರ್ಷ ಕಾಲ ಹಿಂದುಮುಂದಾಗಿ ಹತ್ತಿಸುತ್ತಿದ್ದ ಅದೇ ದಾರಿಯನ್ನು ಅದೇ ಕಾರು ಒಂದನೇ ಗಿಯರಿನಲ್ಲಿ, ಒಂದು ಕಲ್ಲನ್ನೂ ಹಾರಿಸದೆ, ನಡೆಯುವ ಮನುಷ್ಯನ ವೇಗದಲ್ಲಿ ಹತ್ತಿಹೋಯಿತು. ತಂದೆಯವರು ಕೊಡೆ ಹಿಡಿದು ಜಗಲಿಯಿಂದಿಳಿದು ಬಂದು, ದಾರಿಯಲ್ಲಿ ಮೂಡಿದ್ದ ನಾಲ್ಕು ಚಕ್ರಗಳ ಅಚ್ಚನ್ನು ಬಗ್ಗಿ ನೋಡಿದರು. ಮುಂದಿನದು ಹಿಂದಿನದು ಎಂಬ ಭೇದವಿಲ್ಲದೆ ಎಲ್ಲ ಅಚ್ಚುಗಳೂ ಒಂದೇ ಸಮನೆ, ಹಲ್ಲು ಹಲ್ಲಾಗಿ ಇದ್ದವು. ಆ ದಿನದ ಸಂತೋಷವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಇಂಥ ಕೆಲಸಕ್ಕೆ ಹುಡುಗರು ಯಾಕೆ ಹಗಲು ರಾತ್ರಿ ಕೊಡುತ್ತಾರೆಂಬುದು ನನಗೆ ಚೆನ್ನಾಗಿ ಗೊತ್ತು.

ತೊಂದರೆಯ ಸೂಚನೆಗಳು ಅದೇ ವಾರದಲ್ಲಿ ಕಾಣಿಸಿದ್ದವು, ನಾವು ಓದಲಿಲ್ಲ. ಸಿಮೆಂಟಿನ ಅಂಗಳದಲ್ಲಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಕೆಳಗಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಕಪ್ಲಿಂಗಿನ ಡಬ್ಬಿಯ ಮೇಲೆ ಕೈಯಿಡಲಾಗುತ್ತಿರಲಿಲ್ಲ. ಬಿಸಿಯಾಗುವುದೇ ಅದರ ಕೆಲಸವಲ್ಲವೇ ಎಂದು ಸಮಾಧಾನ ಮಾಡಿಕೊಂಡೆವು. ಹೀಗಿರುವಾಗ ಒಂದು ಸಂಜೆ ಸೋದರಳಿಯ ಕಾರನ್ನು ಪಂಚಾಯತ್ ರಸ್ತೆಗೆ ತಂದ, ನಾನು ಪಕ್ಕದಲ್ಲಿ ಕುಳಿತಿದ್ದೆ. ಅದು ತಪ್ಪೆಂದು ಇಬ್ಬರಿಗೂ ಗೊತ್ತಿತ್ತು. ಹಿರಿಯನಾದ ನಾನು ತಡೆಯಬೇಕಾಗಿತ್ತು, ತಡೆಯಲಿಲ್ಲ. ನಾಲ್ಕು ಕಿಲೋಮೀಟರ್ ಹೋಗಿರಬಹುದು. ಕಾಲಿನಡಿಯಲ್ಲಿ ಕೊಡಲಿಯಿಂದ ಹೊಡೆದಂಥ ಸದ್ದಾಯಿತು, ಮತ್ತೆ ಎರಡು ಮೂರು ಸಲ ಅದೇ ಸದ್ದು, ನಂತರ ಡಾಮರನ್ನು ಉಳುವ ಕರ್ಕಶ ಶಬ್ದ. ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಕ್ರಾಸ್ (ಶಾಫ್ಟಿನ ತುದಿಯ ಬಾಗುವ ಕೀಲು) ತುಂಡಾಗಿ, ತಿರುಗುತ್ತಿದ್ದ ಶಾಫ್ಟಿನ ತುದಿ ಚಾಲಕನ ಎಡಗಾಲಿನ ಪಕ್ಕದ ತಗಡಿಗೆ ಬಡಿದು, ಕೊನೆಗೆ ರಸ್ತೆಗೆ ಬಿದ್ದಿತ್ತು. ತಗಡಿನಲ್ಲಿ ತೆಂಗಿನ ಚಿಪ್ಪಿನಷ್ಟು ಗಾತ್ರದ ಉಬ್ಬು ಈಗಲೂ ಹಾಗೆಯೇ ಇದೆ. ತಗಡು ಹರಿದಿದ್ದರೆ ಅವನ ಕಾಲು ಉಳಿಯುತ್ತಿರಲಿಲ್ಲ, ಎದುರಿನಿಂದ ದ್ವಿಚಕ್ರ ವಾಹನ ಬರುತ್ತಿದ್ದರೆ ಇನ್ನೊಬ್ಬರ ಮನೆಗೆ ದುಃಖ ತರುತ್ತಿದ್ದೆವು. ಶಾಫ್ಟಿನ ಮುಂದಿನ ತುದಿಯನ್ನು ಸುತ್ತುವರಿದು ದಪ್ಪ ಕಬ್ಬಿಣದ ಪಟ್ಟಿಯ ಒಂದು ಬಳೆಯನ್ನು ನೆಲಕ್ಕೆ ಬಿಗಿದಿದ್ದರೆ, ಕ್ರಾಸ್ ಮುರಿದರೂ ಶಾಫ್ಟ್ ಅದರೊಳಗೆ ಸಿಕ್ಕಿಕೊಳ್ಳುತ್ತಿತ್ತು. ಅಂಥ ಬಳೆಯ ಬೆಲೆ ಕೆಲವು ನೂರು ರೂಪಾಯಿಗಳು ಮಾತ್ರ.

ಕಾರಣ ತಿಳಿಯಲು ಒಂದು ವಾರ ಬೇಕಾಯಿತು. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ಪತ್ರದಲ್ಲಿ ಬೇರೇನನ್ನು ಮರೆತರೂ ಹುಡುಗರು ಇದನ್ನು ಮರೆಯಬಾರದು. ಮುರಿದ ಶಾಫ್ಟನ್ನು ಕಳಚಿ ತೆಗೆದೆವು. ಅಡಿಕೆ ಒಣಗಿಸುವ ನಮ್ಮ ಅಂಗಳ ಮಟ್ಟಗೋಲಿಟ್ಟು ಮಾಡಿದ್ದು, ಐವತ್ತು ಅಡಿ ಉದ್ದವಿದೆ. ಕಾರನ್ನು ಅಂಗಳದ ಒಂದು ತುದಿಯಲ್ಲಿ ನಿಲ್ಲಿಸಿ, ಗಿಯರನ್ನು ನ್ಯೂಟ್ರಲಿಗೆ ಹಾಕಿ, ಚಕ್ರದ ಮೇಲೆ ಸುಣ್ಣದ ಗೀಟು ಎಳೆದೆವು. ಗಿಯರ್ ಬಾಕ್ಸಿನಿಂದ ಹಿಂದಕ್ಕೆ ಬರುವ ಫ್ಲ್ಯಾಂಜಿನ (ಶಾಫ್ಟನ್ನು ಬೋಲ್ಟ್ ಬಿಗಿಯುವ ಬಿಲ್ಲೆ) ಮೇಲೂ, ಹಿಂದಿನ ಆಕ್ಸೆಲಿನ ಒಳಗೆ ಎಳೆತ ಒಯ್ಯುವ ಪಿನಿಯನ್ ಗಿಯರಿನ ಫ್ಲ್ಯಾಂಜಿನ ಮೇಲೂ ಒಂದೊಂದು ಗೀಟು. ಮನೆಯವರೆಲ್ಲ ಸೇರಿ ಕಾರನ್ನು ಸ್ಟಿಯರಿಂಗ್ ನೆಟ್ಟಗಿಟ್ಟು ನಿಧಾನವಾಗಿ ತಳ್ಳಿದರು. ಚಕ್ರ ಎಂಟು ಸುತ್ತು ಸುತ್ತುವಷ್ಟು ದೂರ, ಅಂದರೆ ಸುಮಾರು ಹದಿಮೂರು ಮೀಟರು. ನಾನು ಮುಂದಿನ ಫ್ಲ್ಯಾಂಜನ್ನು ಬಗ್ಗಿ ನೋಡುತ್ತ ಎಣಿಸಿದೆ, ಸೋದರಳಿಯ ಹಿಂದಿನದನ್ನು. ನನ್ನ ಲೆಕ್ಕ 43 ಬಂತು. ಅವನು ಬಹಳ ಹೊತ್ತು ಸುಮ್ಮನಿದ್ದು, “ಮಾವ, ನನ್ನದು 41” ಎಂದ. ಎರಡು ಸಲ ಮತ್ತೆ ತಳ್ಳಿಸಿದೆವು. ಅದೇ 43, ಅದೇ 41.

ಈ ಎರಡು ಸುತ್ತಿನ ವ್ಯತ್ಯಾಸದ ಅರ್ಥ ಇಷ್ಟು. ಮುಂದಿನ ಚಕ್ರ ಒಂದು ಕಿಲೋಮೀಟರ್ ಕ್ರಮಿಸುವಾಗ ಹಿಂದಿನ ಚಕ್ರವನ್ನು ಶಾಫ್ಟ್ 1049 ಮೀಟರ್ ಓಡಿಸಲು ನೋಡುತ್ತಿತ್ತು. ನೇರ ದಾರಿಯಲ್ಲಿ ಕೂಡ, ಒಂದು ಕ್ಷಣವೂ ಬಿಡುವಿಲ್ಲದೆ, ಆ 49 ಮೀಟರಿನ ಜಗಳವನ್ನು ಕಪ್ಲಿಂಗಿನ ದ್ರವ ನುಂಗಿಕೊಳ್ಳುತ್ತಿತ್ತು. ನುಂಗಿ ನುಂಗಿ ಬಿಸಿಯಾಗಿ, ಹಿಗ್ಗಿ, ಬಿಲ್ಲೆಗಳು ಕಚ್ಚಿಕೊಂಡವು. ಕೆಸರಿನಲ್ಲಿ ನಮ್ಮನ್ನು ಮೇಲೆತ್ತಿದ ಅದೇ ಗುಣ ಡಾಮರಿನಲ್ಲಿ ಎರಡು ಆಕ್ಸೆಲುಗಳನ್ನು ಗಟ್ಟಿಯಾಗಿ ಕಟ್ಟಿಹಾಕಿತು. ಆ ಮೇಲೆ ಟಯರು ಜಾರಬೇಕು ಇಲ್ಲವೇ ಏನಾದರೂ ಮುರಿಯಬೇಕು. ಒಣಗಿದ ಡಾಮರಿನಲ್ಲಿ ಟಯರು ಜಾರಲಿಲ್ಲ. ಹಿಂದಿನ ಆಕ್ಸೆಲಿನ ನಡುವಿನ ಗಿಯರುಗಳ ಪೆಟ್ಟಿಗೆ, ಅಂದರೆ ಹೌಸಿಂಗ್ ಬಿಚ್ಚಿ ಹಲ್ಲುಗಳನ್ನು ಎಣಿಸಿದಾಗ ಕ್ರೌನ್ ಎಂಬ ದೊಡ್ಡ ಗಿಯರಿನಲ್ಲಿ 41, ಅದನ್ನು ತಿರುಗಿಸುವ ಸಣ್ಣ ಪಿನಿಯನಿನಲ್ಲಿ 8 ಇದ್ದವು. ನಮಗೆ ಬೇಕಾಗಿದ್ದದ್ದು 43 ಮತ್ತು 8. ಆ ಜೋಡಿಯನ್ನು ಹುಡುಕುತ್ತ ಸುಳ್ಯ, ಪುತ್ತೂರು, ಮಂಗಳೂರಿನ ಗುಜರಿ ಅಂಗಡಿಗಳನ್ನು ಎಂಟು ತಿಂಗಳು ಅಲೆದೆವು. ಸಿಕ್ಕಿದ ಮೇಲೆ ಅದನ್ನು ಕೂರಿಸುವುದು ಇನ್ನೊಂದು ಕಥೆ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ ಮಿಲಿಮೀಟರಿನ ಏಳನೆಯ ಒಂದು ಭಾಗದಷ್ಟಿರಬೇಕು, ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುಭಾಗದಲ್ಲಿ ಬೀಳಬೇಕು. ಆ ಕೆಲಸವನ್ನು ನಾವು ಮಾಡಲಿಲ್ಲ, ಲಾರಿಗಳ ಹೌಸಿಂಗ್ ಕೂರಿಸುವುದರಲ್ಲಿಯೇ ತಲೆ ನರೆತ ಮೇಸ್ತ್ರಿಯೊಬ್ಬರಿಂದ ಮಾಡಿಸಿದೆವು.

ಅಂಗಳದಲ್ಲಿ ತಳ್ಳಿ ಎಣಿಸುವ ಈ ಕ್ರಮದಲ್ಲಿ ಇನ್ನೊಂದು ಅನುಕೂಲವಿದೆ. ಟಯರುಗಳ ವ್ಯತ್ಯಾಸವೂ ಅದರಲ್ಲಿ ತಾನಾಗಿಯೇ ಸಿಕ್ಕಿಬೀಳುತ್ತದೆ. ನಮ್ಮ ಕಾರಿನ 145/70 ಆರ್ 12 ಟಯರಿನ ವ್ಯಾಸ ಹೊಸತಿರುವಾಗ 508 ಮಿಲಿಮೀಟರ್. ಅದರ ಗುಂಡಿಗಳು ನಾಲ್ಕು ಮಿಲಿಮೀಟರ್ ಸವೆದರೆ ವ್ಯಾಸ 500ಕ್ಕಿಳಿಯುತ್ತದೆ. ಮುಂದೆ ಹೊಸತು, ಹಿಂದೆ ಹಳತು ಹಾಕಿಕೊಂಡರೆ ಕಿಲೋಮೀಟರಿಗೆ 16 ಮೀಟರಿನ ಜಗಳವನ್ನು ನಾವೇ ಹುಟ್ಟಿಸಿದಂತೆ. ಎರಡು ಟಯರು ಈ ವರ್ಷ, ಎರಡು ಮುಂದಿನ ವರ್ಷ ಎಂದು ಕೊಳ್ಳುವುದು ನಮ್ಮೆಲ್ಲರ ರೂಢಿ. ನಾಲ್ಕು ಚಕ್ರ ಎಳೆತದ ಕಾರಿಗೆ ಆ ರೂಢಿ ಸಲ್ಲದು.

ವಿಡಿಯೊಗಳು ಹೇಳದೆ ಬಿಡುವ ಮಾತು ಇನ್ನೂ ಒಂದಿದೆ. ನಾಲ್ಕು ಚಕ್ರಗಳ ಎಳೆತ ಕಾರನ್ನು ಹತ್ತಿಸಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ನಿಲ್ಲಿಸುವ ಬ್ರೇಕು ಎಲ್ಲ ಕಾರುಗಳಲ್ಲಿಯೂ ಮೊದಲಿನಿಂದಲೇ ನಾಲ್ಕು ಚಕ್ರಗಳಿಗಿದೆ. ಅಷ್ಟೇ ಅಲ್ಲ, ಹೆಚ್ಚಿದ ತೂಕದಿಂದಾಗಿ ಇಳಿಜಾರಿನಲ್ಲಿ ಕಾರು ಮೊದಲಿಗಿಂತ ತಡವಾಗಿ ನಿಲ್ಲುತ್ತದೆ, ಮತ್ತು ಎರಡು ಆಕ್ಸೆಲುಗಳು ಕಟ್ಟಿಕೊಂಡಿರುವಾಗ ಮುಂದಿನ ಚಕ್ರ ಬ್ರೇಕಿಗೆ ಸಿಕ್ಕಿ ನಿಂತರೆ ಹಿಂದಿನದನ್ನೂ ನಿಲ್ಲಿಸಿಬಿಡುತ್ತದೆ. ಆಗ ಕಾರಿನ ಬಾಲ ಎತ್ತ ಬೇಕಾದರೂ ತಿರುಗಬಹುದು. ಬ್ರೇಕು ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎಬಿಎಸ್ ಇರುವ ಹೊಸ ಕಾರುಗಳಲ್ಲಿ ಚಕ್ರಗಳ ವೇಗದ ಲೆಕ್ಕವೇ ಕೆಡುವುದರಿಂದ ಆ ವ್ಯವಸ್ಥೆ ಮೊದಲಿನಂತೆ ಕೆಲಸ ಮಾಡುತ್ತದೆಂದು ನಂಬುವಂತಿಲ್ಲ. ಚೆರ್ಕಳ–ಜಾಲ್ಸೂರು ರಸ್ತೆಯ ತಿರುವುಗಳಲ್ಲಿ ಮಳೆಗಾಲದ ರಾತ್ರಿ ಬಸ್ಸಿಗೆ ದಾರಿ ಕೊಡಬೇಕಾಗಿ ಬಂದಾಗ ನೆರವಿಗೆ ಬರುವುದು ಟಯರು ಮತ್ತು ಬ್ರೇಕು ಮಾತ್ರ.

ಇನ್ನು ಕಾನೂನಿನ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅವಕಾಶವಿಲ್ಲ. 2019ರ ಜನವರಿ 9ರಂದು ಸುಪ್ರೀಂ ಕೋರ್ಟು ನಮ್ಮ ಕೇರಳದ್ದೇ ಪ್ರಕರಣವೊಂದರಲ್ಲಿ ಇದನ್ನು ಖಚಿತವಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕೇಂದ್ರದ ಕಾಯ್ದೆಯಾದ್ದರಿಂದ ಗಡಿ ದಾಟಿ ಸುಳ್ಯಕ್ಕೋ ಪುತ್ತೂರಿಗೋ ಹೋದರೂ, ನಂಬರ್ ಪ್ಲೇಟು ಕೆಎಲ್ 14 ಇದ್ದರೂ ಕೆಎ 21 ಇದ್ದರೂ ನಿಯಮ ಒಂದೇ. ಆಚೆ ಕಡೆ ಯಾರೂ ಕೇಳುವುದಿಲ್ಲ ಎಂದು ಹುಡುಗರು ಆಡುವ ಮಾತು ಸರಿಯಲ್ಲ. ಅಪಘಾತವಾದಾಗ ವಿಮಾ ಕಂಪನಿಯವರು ಮೊದಲು ನೋಡುವುದು ಕೂಡ ಇದನ್ನೇ. ನಾವು ಆ ಸಂಜೆಯ ನಂತರ ಕಾರಿನ ನೋಂದಣಿಯನ್ನು ರದ್ದುಪಡಿಸಿ, ಅದನ್ನು ಬೇಲಿಯೊಳಗೆ ಅಡಿಕೆ ಗೊನೆ, ಗೊಬ್ಬರ, ಸೋಗೆ ಸಾಗಿಸಲು ಮಾತ್ರ ಉಳಿಸಿಕೊಂಡಿದ್ದೇವೆ. ಸರಿಯಾದ ಹಲ್ಲುಗಳು ಬಂದ ಮೇಲೆ ಕಪ್ಲಿಂಗ್ ಒಮ್ಮೆಯೂ ಕೈ ಸುಡುವಷ್ಟು ಬಿಸಿಯಾಗಿಲ್ಲ.

ಈ ನಿಷೇಧ ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಕಾರು ರಸ್ತೆಗೆ ಬಂದ ದಿನ ಏನಾಯಿತೆಂದು ಬಲ್ಲವನು ಹಾಗೆ ಹೇಳಲಾರ. ಆದರೆ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸುವವನಿಗೆ ಒಂದು ದಾರಿಯಿದೆ: ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಪರೀಕ್ಷೆಯಾಗಿ ಮಂಜೂರಾದ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲಿ ಜೋಡಿಸಿ, ಆರ್‌ಸಿಯಲ್ಲಿ ನಮೂದಿಸಿಕೊಳ್ಳುತ್ತಾನೆ. ಎಳೆತದ ಮಾರ್ಪಾಡಿಗೆ ಅಂಥ ದಾರಿಯಿಲ್ಲ. ಬ್ರಿಟನ್ನಿನಲ್ಲಿ ಒಬ್ಬ ವ್ಯಕ್ತಿ ಕೈಯಾರೆ ಮಾಡಿದ ಒಂದೇ ಒಂದು ವಾಹನವನ್ನೂ ಪರೀಕ್ಷಿಸಿ ರಸ್ತೆಗೆ ಬಿಡುವ ವ್ಯವಸ್ಥೆಯಿದೆ, ಜರ್ಮನಿಯಲ್ಲಿ ಅಧಿಕೃತ ತಜ್ಞರು ಮಾರ್ಪಾಡನ್ನು ತಪಾಸಣೆ ಮಾಡಿ ವಾಹನದ ದಾಖಲೆಯಲ್ಲಿ ಸೇರಿಸುತ್ತಾರೆ. 2019ರ ತಿದ್ದುಪಡಿಯೇ ಮಾರ್ಪಾಡುಗಳಿಗೆ ಮಾನದಂಡಗಳನ್ನು ಗೊತ್ತುಪಡಿಸುವ ಅಧಿಕಾರವನ್ನು ಕೇಂದ್ರ ಸರಕಾರಕ್ಕೆ ಕೊಟ್ಟಿದೆ. ಆ ಅಧಿಕಾರವನ್ನು ಬಳಸಿ, ಕಂಪನಿಯೇ ಎರಡೂ ಬಗೆಯಲ್ಲಿ ಮಾಡಿದ ಕಾರುಗಳ ಮಟ್ಟಿಗಾದರೂ, ಅದೇ ಕಂಪನಿಯ ಭಾಗಗಳಿಂದ ಮಾಡಿದ ಬದಲಾವಣೆಯನ್ನು ತಪಾಸಣೆಯ ನಂತರ ಒಪ್ಪುವ ನಿಯಮವೊಂದನ್ನು ರೂಪಿಸಬೇಕೆಂದು ನಮ್ಮ ಸಂಸದರಲ್ಲಿ ಮತ್ತು ಸಾರಿಗೆ ಇಲಾಖೆಯಲ್ಲಿ ಕೇಳಿಕೊಳ್ಳುತ್ತೇನೆ. ತಪಾಸಣೆಗೆ ಕೊಂಡೊಯ್ಯಬೇಕಾಗುತ್ತದೆಂದು ಗೊತ್ತಿದ್ದರೆ ಸೋದರಳಿಯನೂ ನಾನೂ ಮೊದಲ ದಿನವೇ ಹಲ್ಲು ಎಣಿಸುತ್ತಿದ್ದೆವು, ಶಾಫ್ಟಿಗೆ ಬಳೆ ಹಾಕುತ್ತಿದ್ದೆವು.

ಅದುವರೆಗೆ ಮೋಟಾರು ವಾಹನ ಇಲಾಖೆ ಮಾಡಬಹುದಾದ ಸಣ್ಣ ಕೆಲಸವೊಂದಿದೆ. ಯಾವ ಮಾರ್ಪಾಡು ಸಲ್ಲುತ್ತದೆ, ಯಾವುದು ಸಲ್ಲದು, ಏಕೆ ಸಲ್ಲದು ಎಂಬುದನ್ನು ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಟ್ಟಿಗೆ ಕನ್ನಡದಲ್ಲಿಯೂ ಎರಡು ಪುಟಗಳಲ್ಲಿ ಅಚ್ಚುಹಾಕಿಸಿ ಕಚೇರಿಗಳಲ್ಲಿ, ಐಟಿಐಗಳಲ್ಲಿ, ಪಾಲಿಟೆಕ್ನಿಕ್ಕುಗಳಲ್ಲಿ ಇಡಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಇಲ್ಲಿನ ಹುಡುಗರಿಗೆ ವೆಲ್ಡಿಂಗ್ ಕಲಿಸುವ ವಿಡಿಯೊ ಎಲ್ಲ ಭಾಷೆಗಳಲ್ಲಿಯೂ ಸಿಗುತ್ತಿದೆ, ಕಾನೂನನ್ನು ಅವರ ಭಾಷೆಯಲ್ಲಿ ತಿಳಿಸುವವರು ಯಾರೂ ಇಲ್ಲ.

ಗುಡ್ಡದ ದಾರಿಯ ಕಷ್ಟಕ್ಕಾಗಿಯೇ ಈ ಕೆಲಸಕ್ಕೆ ಇಳಿಯುವವರಿಗೆ ನಮ್ಮ ಖರ್ಚಿನ ಲೆಕ್ಕವನ್ನೂ ತಿಳಿಸುತ್ತೇನೆ. ಗಿಯರ್ ಬಾಕ್ಸ್, ಆಕ್ಸೆಲ್, ಎರಡನೆಯ ಕ್ರೌನ್‌ ಪಿನಿಯನ್, ಶಾಫ್ಟನ್ನು ಎರಡು ಸಲ ಮಾಡಿಸಿ ಬ್ಯಾಲೆನ್ಸ್ ಮಾಡಿಸಿದ್ದು, ಲೇತಿನ ಮಜೂರಿ ಎಲ್ಲ ಸೇರಿ ಒಂದು ಲಕ್ಷದ ಎಪ್ಪತ್ತು ಸಾವಿರ ರೂಪಾಯಿ ದಾಟಿತು. ಎರಡು ಮನುಷ್ಯರ ಒಂದೂವರೆ ವರ್ಷದ ಬಿಡುವಿನ ವೇಳೆ ಬೇರೆ. ಆ ದಾರಿಯ ಅತಿ ಕಡಿದಾದ ಭಾಗಕ್ಕೆ, ಚಕ್ರ ಹಾಯುವ ಎರಡು ಸಾಲುಗಳಲ್ಲಿ ಮಾತ್ರ, ಅಡ್ಡಗೀರು ಹಾಕಿದ ಕಾಂಕ್ರೀಟ್ ಪಟ್ಟಿ ಹಾಕಿಸಿದ್ದರೆ ಅದಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು, ಮನೆಗೆ ಬರುವ ಎಲ್ಲರ ವಾಹನಗಳೂ ಹತ್ತುತ್ತಿದ್ದವು. ಹತ್ತುವುದಷ್ಟೇ ಬೇಕಾದವರು ಮೊದಲು ಒಳ್ಳೆಯ ಟಯರು ಹಾಕಿಸಲಿ, ಪಾಚಿ ಕೆರೆಯಲಿ, ಪಟ್ಟಿ ಹಾಕಿಸಲಿ. ಯಂತ್ರವನ್ನು ಅರಿಯಬೇಕೆಂಬ ಹಂಬಲದಿಂದ ಈ ಕೆಲಸ ಮಾಡುವವರ ಮಾತು ಬೇರೆ; ಸೋದರಳಿಯನಿಗೆ ಈಗ ಕೆಲಸ ಸಿಕ್ಕಿದ್ದು ಮಂಗಳೂರಿನಲ್ಲಿ ಸಂದರ್ಶನದ ದಿನ ಈ ಕಾರಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ್ದರಿಂದ.

ಅಂಥವರು ಯಾರಾದರೂ ಬರುವುದಿದ್ದರೆ ತಮ್ಮ ಕಚೇರಿಯಲ್ಲಿರುವ ನನ್ನ ವಿಳಾಸವನ್ನು ದಯವಿಟ್ಟು ಕೊಡಬೇಕು. ಉಬ್ಬಿದ ತಗಡನ್ನೂ ಮುರಿದ ಕ್ರಾಸನ್ನೂ ತೋರಿಸುತ್ತೇನೆ, ಶಾಫ್ಟ್ ಕಳಚಿ ಎಣಿಸುವ ಕ್ರಮವನ್ನು ಅವರ ಕೈಯಲ್ಲಿಯೇ ಮಾಡಿಸುತ್ತೇನೆ. ಮಳೆ ಬಿಟ್ಟ ಮೇಲೆ, ಅಡಿಕೆ ಅಂಗಳಕ್ಕೆ ಬೀಳುವ ಮೊದಲು ಬಂದರೆ ಅಂಗಳ ಖಾಲಿಯಿರುತ್ತದೆ.

ಇತಿ,
ಒಬ್ಬ ಅಡಿಕೆ ಕೃಷಿಕ
ಮುಳ್ಳೇರಿಯ, ಕಾಸರಗೋಡು ಜಿಲ್ಲೆ